ಸೇಫಿನಲ್ಲಿದ್ದ ಪಿಸ್ತೂಲು, ಮುಗಿದುಹೋದ ಬೇಟೆ ಲೈಸೆನ್ಸ್: ಟೆಕ್ಸಾಸಿನ ಕನ್ನಡ ಕುಟುಂಬವೊಂದರ ಪ್ರಕರಣ

ಇದು ಟೆಕ್ಸಾಸಿನ ದೊಡ್ಡ ನಗರವೊಂದರ ಹೊರವಲಯದಲ್ಲಿದ್ದ ಕನ್ನಡ ಕುಟುಂಬದ ಕಥೆ. ಗಂಡನನ್ನು ಗಿರೀಶ, ಹೆಂಡತಿಯನ್ನು ವಾಣಿ ಎಂದು ಕರೆಯುತ್ತೇನೆ. ಎರಡೂ ನಿಜವಾದ ಹೆಸರಲ್ಲ. ಊರು, ಕಂಪನಿ, ವರ್ಷ, ಮಗುವಿನ ವಯಸ್ಸು ಯಾವುದನ್ನೂ ಹೇಳುವುದಿಲ್ಲ. ಕಾನೂನಿಗೆ ಸಂಬಂಧಪಟ್ಟ ವಿವರಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಬರೆದದ್ದನ್ನು ಇಬ್ಬರೂ ಓದಿ ಒಪ್ಪಿದ್ದಾರೆ. ನಾನು ವಕೀಲನಲ್ಲ. ಇಲ್ಲಿಯ ಕನ್ನಡಿಗರ ವೀಸಾ, ಮನೆ, ಕೆಲಸದ ತಾಪತ್ರಯಗಳಲ್ಲಿ ಜೊತೆಗೆ ಓಡಾಡುವವನು. ಈ ವಿಷಯದಲ್ಲಿ ನಮ್ಮವರಿಗೆ ಇರುವ ತಿಳಿವಳಿಕೆ ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಗಿರೀಶ ಮಲೆನಾಡಿನವನು. ಹಂದಿ, ಮಂಗಗಳ ಕಾಟ ತಡೆಯಲು ಅಜ್ಜನ ಮನೆಯಲ್ಲಿ ಒಂದು ಕೋವಿ ಇತ್ತು. ಅದಕ್ಕೆ ಡಿಸಿ ಆಫೀಸಿನ ಲೈಸೆನ್ಸ್. ಚುನಾವಣೆ ಬಂತೆಂದರೆ ಅಜ್ಜ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಎಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಿದ್ದರು. ಹಾಗಾಗಿ ಬಂದೂಕು ಅವನಿಗೆ ಹೊಸದಲ್ಲ. ಅದಕ್ಕೆ ಕಾಗದಪತ್ರ ಬೇಕು ಅನ್ನುವುದೂ ಗೊತ್ತಿತ್ತು. ಆದರೆ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಮೊದಲು ಅನುಮತಿ, ಆಮೇಲೆ ಬಂದೂಕು.

ಅಮೆರಿಕದಲ್ಲಿ ಲೆಕ್ಕವೇ ಬೇರೆ. ಬಂದೂಕು ಇಟ್ಟುಕೊಳ್ಳುವುದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು. ಮನೆಯಲ್ಲಿ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಮನೆಯ ಹೊರಗೆ ಒಯ್ಯುವುದಕ್ಕೂ ಆ ಹಕ್ಕು ಇದೆ ಎಂದು 2022ರ ಬ್ರೂಯೆನ್ ತೀರ್ಪಿನಲ್ಲಿ ಹೇಳಿತು. ಹಾಗಾದರೆ ಕಾನೂನು ಎಲ್ಲಿ ತಡೆಯುತ್ತದೆ? ಮುಖ್ಯವಾಗಿ ಮನುಷ್ಯನನ್ನು ನೋಡಿ ತಡೆಯುತ್ತದೆ. 1968ರ ಗನ್ ಕಂಟ್ರೋಲ್ ಕಾಯ್ದೆ, ಆಮೇಲೆ ಬಂದ ತಿದ್ದುಪಡಿಗಳು ಸೇರಿ ಒಂದು ಪಟ್ಟಿ ಮಾಡಿವೆ. ಆ ಪಟ್ಟಿಯಲ್ಲಿರುವವರು ಬಂದೂಕನ್ನೂ ಇಟ್ಟುಕೊಳ್ಳುವಂತಿಲ್ಲ, ಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು, ಮನೆಯವರ ಮೇಲೆ ಕೈ ಮಾಡಿ ಶಿಕ್ಷೆಯಾದವರು ಅದರಲ್ಲಿದ್ದಾರೆ. ನಮ್ಮ ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಗಂಡ, ಹೆಂಡತಿ, ಮಕ್ಕಳದು), ಎಫ್-1 (ವಿದ್ಯಾರ್ಥಿ), ಎಲ್-1 (ಕಂಪನಿಯೊಳಗಿನ ವರ್ಗಾವಣೆ), ಬಿ-1/ಬಿ-2 (ವ್ಯವಹಾರ, ಪ್ರವಾಸ) ವೀಸಾದವರೂ ಅದೇ ಪಟ್ಟಿಯಲ್ಲಿದ್ದಾರೆ. ಕಲಮು 922(ಜಿ)(5). 2022ರ ಜೂನ್ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ಅದಕ್ಕೂ ಮೊದಲು 10 ಇತ್ತು.

ಮನುಷ್ಯ ಯಾರು ಎಂದು ನೋಡುವುದು ನಮ್ಮ ಕಾನೂನಿನಲ್ಲೂ ಸ್ವಲ್ಪ ಇದೆ. ಕೊಡವರಿಗೂ ಕೊಡಗಿನ ಪಾರಂಪರಿಕ ಜಮೀನಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಕೊಡವ ನಾಳೆಯೂ ಕೊಡವನೇ. ವೀಸಾದವನ ಸ್ಥಿತಿ ಹಾಗಲ್ಲ. ಅದಕ್ಕೆ ತಾರೀಖು ಇರುತ್ತದೆ. ಈ ಪ್ರಕರಣ ಪೂರ್ತಿ ನಿಂತಿರುವುದು ಆ ತಾರೀಖುಗಳ ಮೇಲೆ.

ಕೊಂಡದ್ದು

ಅವರ ಬಡಾವಣೆಯಲ್ಲಿ ಎರಡು ಭಾರತೀಯ ಮನೆಗಳಿಗೆ ಕಳ್ಳರು ನುಗ್ಗಿದರು. ಚಿನ್ನ ಹೋಯಿತು. ಗಿರೀಶ ರಾತ್ರಿ ಸರಿಯಾಗಿ ನಿದ್ದೆ ಮಾಡದ ಸ್ಥಿತಿಗೆ ಬಂದ. ಆಫೀಸಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: "ಟೆಕ್ಸಾಸಲ್ಲಿ ಲೈಸೆನ್ಸೇ ಬೇಡ, ತಗೊಂಡು ಇಟ್ಕೊ." ಈ ಮಾತು ಅರ್ಧ ನಿಜ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ 21 ವರ್ಷ ದಾಟಿದವರು ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಆದರೆ ಅದೇ ಕಾನೂನಿನಲ್ಲಿ ಒಂದು ಷರತ್ತು ಇದೆ. ಬೇರೆ ಯಾವ ಕಾನೂನೂ ನಿಮ್ಮನ್ನು ತಡೆದಿರಬಾರದು. ಫೆಡರಲ್ ಪಟ್ಟಿಯಲ್ಲಿ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ, ಇರುವವನಿಗೆ ಟೆಕ್ಸಾಸಿನ ಸಡಿಲಿಕೆಯಿಂದ ಕಿಂಚಿತ್ತೂ ಉಪಯೋಗವಿಲ್ಲ.

ಗಿರೀಶ ಅಂಗಡಿಗೆ ಹೋಗಿ ನೇರವಾಗಿ ಕೇಳಿದ. ಅದು ಒಳ್ಳೆಯ ನಿರ್ಧಾರ. ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರ ಕೊಂಡರೆ 4473 ಎಂಬ ಫಾರ್ಮ್ ತುಂಬಬೇಕು, ಎಫ್‌ಬಿಐ ಮೂಲಕ ಹಿನ್ನೆಲೆ ತಪಾಸಣೆಯಾಗುತ್ತದೆ. ಆ ಫಾರ್ಮಿನಲ್ಲೇ ವೀಸಾದ ಪ್ರಶ್ನೆ ಇದೆ. ಅಂಗಡಿಯವನು ಹೇಳಿದ: ವೀಸಾದವರಿಗೂ ಒಂದು ದಾರಿ ಇದೆ, ರಾಜ್ಯ ಸರ್ಕಾರ ಕೊಟ್ಟ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಫೆಡರಲ್ ನಿಷೇಧ ತಾಗುವುದಿಲ್ಲ.

ನಿಜ, ಆ ವಿನಾಯಿತಿ ಕಾನೂನಿನಲ್ಲೇ ಇದೆ. ನಿಜವಾಗಿ ಬೇಟೆಗೆ ಹೋಗಬೇಕೆಂದೂ ಇಲ್ಲ. ಗಿರೀಶ ಟೆಕ್ಸಾಸಿನ ಬೇಟೆ ಶಿಕ್ಷಣದ ಕೋರ್ಸನ್ನು ಆನ್‌ಲೈನ್‌ನಲ್ಲಿ ಮುಗಿಸಿದ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಅಲ್ಲಿ ಬೇಟೆಯಾಡಬೇಕಾದರೆ ಆ ಕೋರ್ಸ್ ಆಗಿರಬೇಕು. 25 ಡಾಲರ್ ಕೊಟ್ಟು ಸ್ಥಳೀಯ ನಿವಾಸಿಯ ಲೈಸೆನ್ಸ್ ಪಡೆದ. ಐ-94 (ದೇಶದೊಳಗೆ ಬಂದದ್ದರ, ಎಲ್ಲಿಯವರೆಗೆ ಇರಬಹುದು ಎಂಬುದರ ದಾಖಲೆ) ನಂಬರು, ಡ್ರೈವಿಂಗ್ ಲೈಸೆನ್ಸ್, ಬೇಟೆ ಲೈಸೆನ್ಸ್ ಮೂರನ್ನೂ ಕೊಟ್ಟು ಒಂದು 9 ಎಂಎಂ ಪಿಸ್ತೂಲು ಕೊಂಡ. ಆಗ ಫೆಬ್ರವರಿ. ಆ ದಿನದ ಮಟ್ಟಿಗೆ ಎಲ್ಲವೂ ಪಕ್ಕಾ ಇತ್ತು.

ಅವನು ನೋಡದೆ ಬಿಟ್ಟದ್ದು ಒಂದೇ ಸಾಲು. ಟೆಕ್ಸಾಸಿನ ಬೇಟೆ ಲೈಸೆನ್ಸ್ ಕೊಂಡ ದಿನದಿಂದ ಒಂದು ವರ್ಷ ನಡೆಯುವುದಿಲ್ಲ. ಅದರ ವರ್ಷ ಸೆಪ್ಟೆಂಬರ್ 1ಕ್ಕೆ ಶುರುವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ಕೊಂಡರೂ ಅಷ್ಟೇ. ಗಿರೀಶ ಮುಂದಿನ ಫೆಬ್ರವರಿವರೆಗೆ ಯೋಚನೆಯಿಲ್ಲ ಅಂದುಕೊಂಡು ಕಾಗದವನ್ನು ಪರ್ಸಿನಲ್ಲಿ ಮಡಚಿಟ್ಟ.

ಕೌಂಟರಿನಲ್ಲಿ

ಸೆಪ್ಟೆಂಬರಿನಲ್ಲಿ ಅವನ ಕೆಲಸ ಹೋಯಿತು. ಎಚ್-1ಬಿಯಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಿಸಬೇಕು, ಇಲ್ಲವೇ ಹೊರಡಬೇಕು. ಅಕ್ಟೋಬರ್ ಮೊದಲ ವಾರದಲ್ಲಿ ನ್ಯೂಜೆರ್ಸಿಯ ಕಂಪನಿಯೊಂದು ಕೆಲಸ ಕೊಡುವುದಾಗಿ ಹೇಳಿತು. ಸ್ವಲ್ಪ ಉಸಿರು ಬಂತು. ಅದೇ ವಾರ ಬೆಂಗಳೂರಿನಿಂದ ಆಫೀಸ್ ಕೆಲಸಕ್ಕೆ ಬಂದಿದ್ದ ಹಳೆಯ ಗೆಳೆಯ "ನನಗೂ ಒಂದ್ಸಲ ಗುಂಡು ಹೊಡೆಸೋ" ಎಂದ. ಶನಿವಾರ ಇಬ್ಬರೂ ಶೂಟಿಂಗ್ ರೇಂಜಿಗೆ ಹೋದರು.

ಕೌಂಟರಿನಲ್ಲಿ ಐವತ್ತು ದಾಟಿದ ಹೆಂಗಸು ಇದ್ದರು. ಸಹಿ ಹಾಕುವ ಫಾರ್ಮಿನಲ್ಲಿ ವೀಸಾದ ಪ್ರಶ್ನೆ ಇತ್ತು. ಗೆಳೆಯ ಪ್ರಾಮಾಣಿಕವಾಗಿ "ಹೌದು" ಎಂದು ಗುರುತು ಹಾಕಿದ. ಬೇಟೆ ಲೈಸೆನ್ಸ್ ಇದೆಯಾ ಎಂದು ಅವರು ಕೇಳಿದರು. ಅವನಿಗೆ ಇರಲಿಲ್ಲ. ಹಾಗಿದ್ದರೆ ಬಾಡಿಗೆ ಗನ್ನನ್ನೂ ಕೊಡಲಾಗದು, ಗಿರೀಶನ ಗನ್ನನ್ನು ಮುಟ್ಟುವುದಕ್ಕೂ ಬಿಡಲಾಗದು ಎಂದರು. ಗಿರೀಶ "ನನ್ನ ಹತ್ತಿರ ಇದೆ" ಎಂದು ಪರ್ಸಿನಿಂದ ಕಾಗದ ತೆಗೆದುಕೊಟ್ಟ. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಪೆನ್ನು ತೆಗೆದು ಕೆಳಗಿನ ತಾರೀಖಿನ ಸುತ್ತ ಒಂದು ಸುತ್ತು ಹಾಕಿ ಕಾಗದವನ್ನು ಅವನ ಕಡೆಗೇ ತಿರುಗಿಸಿ ಇಟ್ಟರು. ಆಗಸ್ಟ್ 31.

"ನಿಮ್ಮ ಪೆಟ್ಟಿಗೆಯನ್ನು ಇಲ್ಲಿ ತೆರೆಯಬೇಡಿ. ಮನೆಗೆ ಹೋಗಿ. ಇವತ್ತೇ ವಕೀಲರ ಹತ್ತಿರ ಮಾತಾಡಿ" ಎಂದರು. ಅಷ್ಟೇ. ಬೈಯಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ಇಡೀ ಪ್ರಕರಣದಲ್ಲಿ ಇವರಿಗೆ ದೊಡ್ಡ ಉಪಕಾರ ಮಾಡಿದ್ದು ಈ ಹೆಂಗಸು ಎಂದೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಊರಿನಿಂದ ಬಂದ ಅಣ್ಣ, ಭಾವ, ಗೆಳೆಯರನ್ನು ಲಾಸ್ ವೇಗಸ್‌ಗೋ ಹತ್ತಿರದ ರೇಂಜಿಗೋ ಕರೆದುಕೊಂಡು ಹೋಗಿ ಫೋಟೋ ಹಾಕುವುದು ನಮ್ಮವರಲ್ಲಿ ಸುಮ್ನೆ ಒಂದು ಖುಷಿ. ವೀಸಾ ಇಲ್ಲದೆ ಬರಲು ಅವಕಾಶವಿರುವ ಯುರೋಪಿನ ಕೆಲವು ದೇಶದವರಿಗೆ, ಜಪಾನಿನವರಿಗೆ ಈ ಕಲಮು ತಾಗುವುದಿಲ್ಲ. ಭಾರತದವರು ವೀಸಾ ಪಡೆದೇ ಬರುವುದರಿಂದ ನಮಗೆ ತಾಗುತ್ತದೆ. ಐದು ನಿಮಿಷ ಬಾಡಿಗೆ ಗನ್ ಹಿಡಿದರೂ ಕಾನೂನಿನ ಕಣ್ಣಿಗೆ ಅದು ಹತ್ತಿರ ಇಟ್ಟುಕೊಂಡಂತೆಯೇ. 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ರಿಹೇಫ್ ಪ್ರಕರಣವೂ ಫ್ಲಾರಿಡಾದ ರೇಂಜಿನಿಂದಲೇ ಶುರುವಾದದ್ದು. ಯುಎಇಯಿಂದ ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದ ಹುಡುಗನನ್ನು ಯೂನಿವರ್ಸಿಟಿ ಹೊರಹಾಕಿತ್ತು, ಆದರೂ ದೇಶದಲ್ಲೇ ಉಳಿದಿದ್ದ. ರೇಂಜಿಗೆ ಹೋಗಿ ಗುಂಡು ಹೊಡೆದ. ಅದಕ್ಕೇ ಅವನ ಮೇಲೆ ಕೇಸು.

ಮೊದಲ ಎರಡು ದಿನ

ಮನೆಗೆ ಬಂದ ಗಿರೀಶ ಮೊದಲು ಮಾಡಿದ್ದು ವಾಟ್ಸಾಪಿನಲ್ಲಿ ಕೇಳಿದ್ದು. "ಏನೂ ಆಗಲ್ಲ ಬಿಡು ಮಾರಾಯ", "ಯಾರು ನೋಡ್ತಾರೆ", "ನಮ್ಮನೇಲಿ ಇಡು, ನ್ಯೂಜೆರ್ಸಿಗೆ ಹೋದ್ಮೇಲೆ ತಗೊಂಡು ಹೋಗು". ಕೊನೆಯ ಮಾತು ಹೇಳಿದವನು ಪ್ರೀತಿಯಿಂದಲೇ ಹೇಳಿದ್ದ. ಆದರೆ ಅವನೂ ಎಚ್-1ಬಿ. ಬೇಟೆ ಲೈಸೆನ್ಸ್ ಇಲ್ಲದ ವೀಸಾದವನು ಎಂದು ಗೊತ್ತಿದ್ದೂ ಬಂದೂಕು ಕೊಟ್ಟರೆ ಕೊಟ್ಟವನದೂ ಅಪರಾಧ, ಇಟ್ಟುಕೊಂಡವನದೂ ಅಪರಾಧ. ಸಹಾಯ ಮಾಡಲು ಬಂದ ಗೆಳೆಯನನ್ನೂ ಕೇಸಿನೊಳಗೆ ಎಳೆದಂತೆ ಆಗುತ್ತಿತ್ತು.

ಅಲ್ಲಿ ತಡೆದದ್ದು ವಾಣಿ. "ಯಾರಿಗೂ ಕೊಡೋದು ಬೇಡ. ಇನ್ನು ಮೆಸೇಜೂ ಹಾಕ್ಬೇಡ. ಮೊದ್ಲು ನಂಗೆ ಒಂದು ಹೇಳು, ನಿಂಗೆ ಲೈಸೆನ್ಸ್ ಇತ್ತು, ಸರಿ. ನಂಗೆ?" ಎಂದಳು. ಪ್ರಕರಣದ ಇನ್ನೊಂದು ಮುಖ ಕಂಡದ್ದು ಈ ಪ್ರಶ್ನೆಯಿಂದ. ಅವಳದು ಎಚ್-4. ಅವಳು ಯಾವತ್ತೂ ಬೇಟೆ ಲೈಸೆನ್ಸ್ ಮಾಡಿಸಿರಲಿಲ್ಲ. ಬಟ್ಟೆಯ ಕ್ಲಾಸೆಟ್ಟಿನಲ್ಲಿ, ರೇಷ್ಮೆ ಸೀರೆಗಳ ಸೂಟ್‌ಕೇಸಿನ ಹಿಂದೆ, ನಾಲ್ಕು ಅಂಕಿಯ ಸೇಫ್ ಇತ್ತು. ಕಳ್ಳರು ಬಂದಾಗ ಬೇಕಾಗಬಹುದು ಎಂದು ಗಿರೀಶ ಆ ಅಂಕಿಯನ್ನು ಅವಳಿಗೂ ಹೇಳಿದ್ದ. ವಸ್ತು ನಿಮ್ಮ ಹೆಸರಿನಲ್ಲಿ ಇರಬೇಕೆಂದೇನೂ ಇಲ್ಲ. ಅದು ಅಲ್ಲಿದೆ ಎಂದು ಗೊತ್ತಿದ್ದು, ಬೇಕೆಂದಾಗ ತೆಗೆದುಕೊಳ್ಳುವ ಶಕ್ತಿಯೂ ಮನಸ್ಸೂ ಇದ್ದರೆ ನಿಮ್ಮ ವಶದಲ್ಲಿದೆ ಎಂದು ಅಲ್ಲಿಯ ಕೋರ್ಟುಗಳು ಹೇಳಬಹುದು. ಅಂದರೆ ಗಂಡನ ಲೈಸೆನ್ಸ್ ಸರಿಯಿದ್ದ ತಿಂಗಳುಗಳಲ್ಲೂ ಹೆಂಡತಿಯ ತಲೆಯ ಮೇಲೆ ಅಪಾಯ ಇದ್ದೇ ಇತ್ತು. ವಿನಾಯಿತಿ ಸಿಗುವುದು ಮನೆಗಲ್ಲ, ಲೈಸೆನ್ಸ್ ಮಾಡಿಸಿದ ಒಬ್ಬರಿಗೆ.

ಭಾನುವಾರ ವಾಣಿ ನನಗೆ ಫೋನ್ ಮಾಡಿದಳು. ಸೋಮವಾರ ಅವರ ವೀಸಾ ವಕೀಲರಿಗೆ ಫೋನ್ ಮಾಡಿದೆವು. ಅವರು ಸ್ಪಷ್ಟವಾಗಿ ಹೇಳಿದರು: ಬಂದೂಕಿನ ಕ್ರಿಮಿನಲ್ ಕಾನೂನು ನನ್ನ ಕೆಲಸವಲ್ಲ, ಅದಕ್ಕೆ ಬೇರೆಯವರನ್ನು ನೋಡಿ, ಆದರೆ ಅವರು ಏನು ಸಲಹೆ ಕೊಟ್ಟರೂ ಮುಂದುವರಿಯುವ ಮೊದಲು ನನಗೆ ತಿಳಿಸಿ. ಈ ಎರಡನೇ ಮಾತು ಬಹಳ ಮುಖ್ಯ. ಕ್ರಿಮಿನಲ್ ಕೋರ್ಟಿನಲ್ಲಿ ಸಣ್ಣದಾಗಿ ಕಾಣುವ ರಾಜಿ ವೀಸಾದ ದೃಷ್ಟಿಯಿಂದ ಸರ್ವನಾಶ ಆಗಬಹುದು. ಬಂದೂಕು ಇಟ್ಟುಕೊಂಡ, ಒಯ್ದ, ಮಾರಿದ ಯಾವುದೇ ಅಪರಾಧದಲ್ಲಿ, ಫೆಡರಲ್ ಆಗಲಿ ರಾಜ್ಯದ್ದಾಗಲಿ, ಶಿಕ್ಷೆಯಾದರೆ ಅದು ಗಡೀಪಾರಿಗೆ ಕಾರಣ. ಗ್ರೀನ್ ಕಾರ್ಡ್ ಇದ್ದವರಿಗೂ ಬಿಡುವುದಿಲ್ಲ.

ವಕೀಲರ ಕೋಣೆಯಲ್ಲಿ

ಮರುದಿನ ಕ್ರಿಮಿನಲ್ ವಕೀಲರನ್ನು ಕಂಡೆವು. ಅವರು ಮೊದಲು ಬಂದೂಕಿನ ಬಗ್ಗೆ ಕೇಳಲೇ ಇಲ್ಲ. ಐ-94 ಯಾವಾಗ ಮುಗಿಯುತ್ತದೆ, ಕೆಲಸದ ಕೊನೆಯ ದಿನ ಯಾವುದು, ಹೊಸ ಅರ್ಜಿ ಯಾವಾಗ ಹೋಗುತ್ತದೆ, ಇದನ್ನೆಲ್ಲ ಕೇಳಿ ಒಂದು ಹಾಳೆಯ ಮೇಲೆ ಉದ್ದಕ್ಕೆ ತಾರೀಖುಗಳನ್ನು ಬರೆದರು. ಯಾಕೆಂದರೆ ಬೇಟೆ ಲೈಸೆನ್ಸಿನ ವಿನಾಯಿತಿ ಇರುವುದು ಸರಿಯಾದ ವೀಸಾ ಸ್ಥಿತಿಯಲ್ಲಿ ಇರುವವರಿಗೆ ಮಾತ್ರ. 60 ದಿನ ದಾಟಿ, ಹೊಸ ಅರ್ಜಿಯೂ ಹೋಗಿಲ್ಲದಿದ್ದರೆ ಗಿರೀಶ ಅದೇ ಕಲಮಿನ ಇನ್ನೊಂದು ಭಾಗಕ್ಕೆ, ಕಾನೂನುಬಾಹಿರವಾಗಿ ದೇಶದಲ್ಲಿರುವವರ ಸಾಲಿಗೆ, ಬೀಳುತ್ತಿದ್ದ. ಆ ಸಾಲಿಗೆ ಬೇಟೆ ಲೈಸೆನ್ಸಿನಿಂದ ಪ್ರಯೋಜನವಿಲ್ಲ. ಪಿಸ್ತೂಲು ಸೇಫಿನಿಂದ ಒಂದಿಂಚೂ ಅಲುಗಾಡದೆ ಇದ್ದಿದ್ದರೂ ಅದರ ಕಾನೂನು ಸ್ಥಿತಿ ಆಗಸ್ಟಿನಲ್ಲಿ ಒಮ್ಮೆ ಬದಲಾಗಿತ್ತು, ನವೆಂಬರಿನಲ್ಲಿ ಇನ್ನೊಮ್ಮೆ ಬದಲಾಗುವುದರಲ್ಲಿತ್ತು.

"ನನಗೆ ಈ ಕಾನೂನೇ ಗೊತ್ತಿರಲಿಲ್ಲ, ರಿಹೇಫ್ ತೀರ್ಪಿನಲ್ಲಿ ಅದನ್ನೇ ಹೇಳಿದ್ದಾರಲ್ವಾ?" ಎಂದು ಗಿರೀಶ ಕೇಳಿದ. ಎಲ್ಲೋ ಓದಿದ್ದ. ವಕೀಲರು ಬಿಡಿಸಿ ಹೇಳಿದರು. ಆರೋಪಿಗೆ ತಾನು ನಿಷೇಧಿತ ವರ್ಗದವನು ಎಂದು ಗೊತ್ತಿತ್ತು ಎನ್ನುವುದನ್ನು ಸರ್ಕಾರ ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಹೇಳಿದ್ದು ನಿಜ. ಅಂದರೆ ತನ್ನ ವೀಸಾ ಸ್ಥಿತಿ ಏನು ಎಂಬ ಸಂಗತಿ ಗೊತ್ತಿರಬೇಕು. ಆ ಸ್ಥಿತಿಯವರು ಬಂದೂಕು ಇಟ್ಟುಕೊಳ್ಳಬಾರದು ಎಂಬ ಕಾನೂನು ಗೊತ್ತಿರಲಿಲ್ಲ ಎಂದರೆ ಅದು ರಕ್ಷಣೆಯಾಗದು. ತಾನು ಎಚ್-1ಬಿ ಎಂದು ಗಿರೀಶನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ?

ಆಮೇಲೆ ಅವರು ಕೇಳಿದರು: ಪಿಸ್ತೂಲು ಯಾವತ್ತಾದರೂ ಮನೆಯಿಂದ ಹೊರಗೆ ಹೋಗಿತ್ತಾ? ಬೇಸಿಗೆ ರಜೆಗೆ ಮುಂಚೆ ಕೆಲವು ವಾರ ಅದು ಗುಂಡು ತುಂಬಿಕೊಂಡೇ ಕಾರಿನಲ್ಲಿ ಇತ್ತು. ಮಗುವನ್ನು ಶಾಲೆಗೆ ಬಿಡುವಾಗಲೂ. ಆಗ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿತ್ತು, ಟೆಕ್ಸಾಸ್ ಕಾರಿನಲ್ಲಿ ಒಯ್ಯಲು ಬಿಡುತ್ತದೆ. ಆದರೆ ಶಾಲೆಯಿಂದ 1000 ಅಡಿ ಒಳಗೆ ಬಂದೂಕು ಇರಬಾರದು ಎಂಬ ಫೆಡರಲ್ ಕಾನೂನು ಬೇರೆಯೇ ಇದೆ. ರಾಜ್ಯ ಪರಿಶೀಲಿಸಿ ಕೊಟ್ಟ ಪರ್ಮಿಟ್ ಇದ್ದವರಿಗೆ ಅದರಿಂದ ವಿನಾಯಿತಿ. ಗುಂಡು ತೆಗೆದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿದ್ದರೂ ವಿನಾಯಿತಿ. ಟೆಕ್ಸಾಸಿನಲ್ಲಿ ಪರ್ಮಿಟ್ ಬೇಡ ಎಂದಾದ ಮೇಲೆ ಬಹಳ ಜನ ಪರ್ಮಿಟ್ ಮಾಡಿಸುವುದನ್ನೇ ಬಿಟ್ಟರು. ರಾಜ್ಯ ಬೇಡ ಎಂದದ್ದೇ ಫೆಡರಲ್ ರಕ್ಷಣೆಗೆ ಬೇಕಾಗಿತ್ತು. ಗಿರೀಶನ ಮುಖ ಪೂರ್ತಿ ಬಿಳಿಚಿಕೊಂಡಿತು.

ವಕೀಲರ ಸಲಹೆ ಹೀಗಿತ್ತು. ಬೇಟೆ ಲೈಸೆನ್ಸ್ ಹೊಸದಾಗುವವರೆಗೆ ಸೇಫನ್ನು ತೆರೆಯುವುದು, ಸಾಗಿಸುವುದು ಬೇಡ. ಲೈಸೆನ್ಸನ್ನು ಇವತ್ತೇ ಆನ್‌ಲೈನ್‌ನಲ್ಲಿ ಹೊಸದಾಗಿ ಮಾಡಿಸಿ. ಅದಾದ ಕೂಡಲೇ ಸೇಫಿನ ಅಂಕಿ ಬದಲಿಸಿ, ವಾಣಿಗೆ ಹೇಳಬೇಡಿ. ವಾಟ್ಸಾಪ್ ಮೆಸೇಜುಗಳನ್ನು ಅಳಿಸಬೇಡಿ, ಅಳಿಸಿದರೆ ಇಲ್ಲದ ಅನುಮಾನ ಹುಟ್ಟುತ್ತದೆ. ಹೊಸದಾಗಿ ಏನನ್ನೂ ಬರೆಯಲೂ ಬೇಡಿ. ಹಳೆಯ ಒಂದು ತಿಂಗಳಿಗೂ ಮೀರಿದ ದೋಷ ಹೊಸ ಲೈಸೆನ್ಸಿನಿಂದ ಅಳಿಯುವುದಿಲ್ಲ, ಆದರೆ ಅದು ಮುಂದುವರಿಯುವುದು ಇಂದೇ ನಿಲ್ಲುತ್ತದೆ.

ಲೈಸೆನ್ಸ್ ಅದೇ ಸಂಜೆ ಬಂತು.

ನ್ಯೂಜೆರ್ಸಿಗೆ ಒಯ್ಯುವುದೋ ಬೇಡವೋ

ಈಗ ಗಿರೀಶನಿಗೆ ಧೈರ್ಯ ಬಂತು. ಲೈಸೆನ್ಸ್ ಇದೆಯಲ್ಲ, ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿ ಒಯ್ದರಾಯಿತು ಎಂದ. ಐ-30, ಐ-40, ಐ-81, ಕೊನೆಗೆ ಐ-78 ಹೆದ್ದಾರಿ ಹಿಡಿದು ಪೆನ್ಸಿಲ್ವೇನಿಯಾ ದಾಟಿ ಹೋಗುವ ದಾರಿಯನ್ನೂ ಗುರುತು ಹಾಕಿದ್ದ. 1986ರ ಫೆಡರಲ್ ಕಾನೂನು ಇಂಥ ಪ್ರಯಾಣಕ್ಕೆ ರಕ್ಷಣೆ ಕೊಡುತ್ತದೆ. ಗುಂಡು ತೆಗೆದಿರಬೇಕು, ಬಂದೂಕೂ ಗುಂಡೂ ಕೂತಲ್ಲಿಂದ ಕೈಗೆ ಎಟುಕಬಾರದು. ಹೊರಟ ಊರಿನಲ್ಲೂ ಸೇರುವ ಊರಿನಲ್ಲೂ ಅದನ್ನು ಇಟ್ಟುಕೊಂಡು ಓಡಾಡುವುದು ನಿಮಗೆ ಕಾನೂನುಬದ್ಧವಾಗಿರಬೇಕು. ಎಲ್ಲರಿಗೂ ಗೊತ್ತಿರುವುದು ಮೊದಲಿನ ಷರತ್ತುಗಳು. ಜನ ಜಾರಿ ಬೀಳುವುದು ಈ ಕೊನೆಯದರಲ್ಲಿ.

ಸೇರುವ ಊರು ನ್ಯೂಜೆರ್ಸಿ. ಅಮೆರಿಕದಲ್ಲಿ ಬಂದೂಕಿನ ಕಾನೂನು ಬಹಳ ಬಿಗಿಯಾಗಿರುವ ರಾಜ್ಯಗಳಲ್ಲಿ ಅದೂ ಒಂದು. ಅಲ್ಲಿ ಪಿಸ್ತೂಲು ಕೊಳ್ಳಲು ಪೊಲೀಸರಿಂದ ಪರ್ಮಿಟ್ ಬೇಕು, ಹೊರಗೆ ಒಯ್ಯಲು ಇನ್ನೊಂದು ಪರ್ಮಿಟ್. ಟೆಕ್ಸಾಸಿನ ಯಾವ ಕಾಗದಕ್ಕೂ ಅಲ್ಲಿ ಬೆಲೆಯಿಲ್ಲ. 2022ರ ಕಾನೂನಿನ ಪ್ರಕಾರ ಹೊಸದಾಗಿ ಬಂದು ನೆಲೆಸುವವರು 60 ದಿನದೊಳಗೆ ಬಂದೂಕು ಇಟ್ಟುಕೊಳ್ಳುವವರ ಗುರುತಿನ ಕಾರ್ಡ್ ಪಡೆದು, ಹೊರಗಿನಿಂದ ತಂದ ಪಿಸ್ತೂಲನ್ನು ನೋಂದಾಯಿಸಬೇಕು. 10 ಗುಂಡಿಗಿಂತ ಜಾಸ್ತಿ ಹಿಡಿಯುವ ಮ್ಯಾಗಜೀನ್ ಇಟ್ಟುಕೊಳ್ಳುವುದೇ ಅಪರಾಧ. ಗಿರೀಶನ ಪಿಸ್ತೂಲಿನ ಜೊತೆ ಬಂದದ್ದು 17 ಗುಂಡಿನದು. ಮನೆಯ ರಕ್ಷಣೆಗೆಂದು ಅಂಗಡಿಯವನು ಕೊಟ್ಟ ಗುಂಡುಗಳು ತುದಿ ಟೊಳ್ಳಾದ ಜಾತಿಯವು. ಅವನ್ನು ಅಲ್ಲಿ ಮನೆಯಲ್ಲಿ ಇಡಬಹುದು, ರೇಂಜಿಗೆ ಒಯ್ಯಬಹುದು. ಬೇರೆಡೆ ಜೊತೆಯಲ್ಲಿದ್ದರೆ ಅದೇ ಒಂದು ಕೇಸು. ಪರ್ಮಿಟ್ ಇಲ್ಲದೆ ಪಿಸ್ತೂಲು ಒಯ್ದರೆ 5ರಿಂದ 10 ವರ್ಷದ ಅಪರಾಧ. ಗ್ರೇವ್ಸ್ ಕಾಯ್ದೆಯ ಪ್ರಕಾರ 42 ತಿಂಗಳು ಪೆರೋಲಿಲ್ಲ.

ವಕೀಲರು ಎರಡು ಹಳೆಯ ಪ್ರಕರಣ ಹೇಳಿದರು. ಒಬ್ಬ ಯೂಟಾದಿಂದ ಪೆನ್ಸಿಲ್ವೇನಿಯಾಕ್ಕೆ ವಿಮಾನದಲ್ಲಿ ಹೊರಟಿದ್ದ. ಬಂದೂಕನ್ನು ನಿಯಮದಂತೆ ಲಗೇಜಿನಲ್ಲಿ ಹಾಕಿದ್ದ. ನ್ಯೂವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು, ಲಗೇಜು ಅವನ ಕೈಗೇ ಬಂತು, ರಾತ್ರಿ ಹೋಟೆಲಿನಲ್ಲಿ ಉಳಿದ. ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ತಾನಾಗಿಯೇ ಬಂದೂಕಿದೆ ಎಂದು ಹೇಳಿದ್ದಕ್ಕೆ ಬಂಧನ. ಆರೋಪವನ್ನು ಆಮೇಲೆ ಕೈಬಿಟ್ಟರು. ಅವನು ಹಾಕಿದ ದಾವೆಯಲ್ಲಿ, ಹೋಟೆಲಿನಲ್ಲಿ ಬಂದೂಕು ಕೈಗೆಟುಕುವಂತಿದ್ದರಿಂದ ಫೆಡರಲ್ ರಕ್ಷಣೆ ಸಿಗದು ಎಂದು 2010ರಲ್ಲಿ ಮೂರನೇ ಸರ್ಕ್ಯೂಟಿನ ಫೆಡರಲ್ ಮೇಲ್ಮನವಿ ಕೋರ್ಟ್ ಹೇಳಿತು. ಇನ್ನೊಬ್ಬ ಕೊಲರಾಡೊದಿಂದ ನ್ಯೂಜೆರ್ಸಿಗೆ ಮನೆ ಬದಲಿಸುತ್ತಿದ್ದ. ಬಂದೂಕುಗಳು ಕಾರಿನ ಡಿಕ್ಕಿಯಲ್ಲಿದ್ದವು. 7 ವರ್ಷ ಶಿಕ್ಷೆಯಾಯಿತು. 2010ರ ಡಿಸೆಂಬರಿನಲ್ಲಿ ಗವರ್ನರ್ ಶಿಕ್ಷೆ ಕಡಿತ ಮಾಡಿದ ಮೇಲೆ ಹೊರಬಂದ.

ಟೆಕ್ಸಾಸಿನಿಂದ ನ್ಯೂಜೆರ್ಸಿಗೆ ಒಂದೇ ಉಸಿರಿಗೆ ಯಾರೂ ಕಾರು ಓಡಿಸುವುದಿಲ್ಲ. ಎರಡು ರಾತ್ರಿಯಾದರೂ ಹೋಟೆಲ್ ಬೇಕು. ಜೊತೆಗೆ ಎಚ್-4ನ ಹೆಂಡತಿ, ಮಗು. ಗಿರೀಶ ಆದರೂ ಲೆಕ್ಕ ಹಾಕುತ್ತಿದ್ದ. ವಾಣಿ ಒಂದೇ ಮಾತು ಕೇಳಿದಳು: "ದಾರೀಲಿ ಒಂದು ಟೈರ್ ಪಂಕ್ಚರ್ ಆದ್ರೆ ಇದೆಲ್ಲಾನೂ ಪೊಲೀಸಿಗೆ ವಿವರಿಸ್ತೀಯಾ?" ಮಾರುವುದೆಂದು ತೀರ್ಮಾನವಾಯಿತು.

ಮಾರಾಟದಲ್ಲೂ ಎರಡು ದಾರಿ. ಅದೇ ರಾಜ್ಯದ ಇನ್ನೊಬ್ಬ ಖಾಸಗಿ ವ್ಯಕ್ತಿಗೆ ಹಿನ್ನೆಲೆ ತಪಾಸಣೆ ಇಲ್ಲದೆ ಮಾರಲು ಟೆಕ್ಸಾಸಿನಲ್ಲಿ ಅಡ್ಡಿಯಿಲ್ಲ. ಬೆಲೆಯೂ ಜಾಸ್ತಿ ಸಿಗುತ್ತಿತ್ತು. ಆದರೆ ಕೊಳ್ಳುವವನು ಯಾರು, ಎಲ್ಲಿಯವನು ಎನ್ನುವುದಕ್ಕೆ ಏನು ಖಾತ್ರಿ? ಲೈಸೆನ್ಸ್ ಇರುವ ವ್ಯಾಪಾರಿಗೇ ಮಾರಿದರು. ಕೊಟ್ಟ ಬೆಲೆಗಿಂತ ತುಂಬಾ ಕಡಿಮೆ ಬಂತು. ಆದರೆ ಸೀರಿಯಲ್ ನಂಬರು, ತಾರೀಖು ಇರುವ ರಸೀದಿ ಕೈಗೆ ಬಂತು. ಹಣಕ್ಕಿಂತ ಆ ಕಾಗದವೇ ಮುಖ್ಯವಾಗಿತ್ತು.

ಉಳಿದಿದ್ದ ಒಂದು ಗುಂಡು

ಪಿಸ್ತೂಲು ಹೋಯಿತು, ಮ್ಯಾಗಜೀನ್ ಹೋಯಿತು, ಡಬ್ಬಿಗಳಲ್ಲಿದ್ದ ಗುಂಡುಗಳೂ ಹೋದವು. ಎಲ್ಲ ಮುಗಿಯಿತು ಎಂದುಕೊಂಡೆವು. ಗಿರೀಶ ಮನೆ ನೋಡಲು, ಕಾಗದ ಸಹಿ ಮಾಡಲು ನ್ಯೂವಾರ್ಕ್‌ಗೆ ವಿಮಾನದಲ್ಲಿ ಹೋಗಬೇಕಿತ್ತು. ಹಿಂದಿನ ರಾತ್ರಿ ವಾಣಿ ಅವನ ಲ್ಯಾಪ್‌ಟಾಪ್ ಬ್ಯಾಗಿಗೆ ಚಟ್ನಿಪುಡಿ ಪೊಟ್ಟಣ ಹಾಕಲು ಹೊರಟಳು. ಪಕ್ಕದ ಸಣ್ಣ ಜೇಬಿನ ತಳದಲ್ಲಿ, ಹಳೆ ಬಿಲ್ಲು ಮತ್ತು ಇಯರ್‌ಫೋನ್ ಕೆಳಗೆ, ಬೆರಳಿಗೆ ತಣ್ಣಗೆ ಏನೋ ತಾಗಿತು. ಒಂದು 9 ಎಂಎಂ ಗುಂಡು. ಬೇಸಿಗೆಯಲ್ಲಿ ಅದೇ ಬ್ಯಾಗನ್ನು ರೇಂಜಿಗೆ ಒಯ್ದಿದ್ದ.

ಅದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದ್ದರೆ ದಂಡ, ಪೊಲೀಸ್ ವರದಿ, ಪ್ರಶ್ನೆಗಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅದೇ ಬ್ಯಾಗ್ ಹಿಡಿದು ಡಿಸೆಂಬರಿನಲ್ಲಿ ಅವರು ಬೆಂಗಳೂರಿಗೆ ಹೋಗುವವರಿದ್ದರು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನೊಳಗೆ ಮರೆತುಹೋದ ಒಂದೇ ಗುಂಡು ಸಿಕ್ಕಿ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸಾದದ್ದು ಬೇಕಾದಷ್ಟಿದೆ. ಅದು ತನ್ನ ಹತ್ತಿರ ಇದೆ ಎಂಬ ಅರಿವೇ ಇರಲಿಲ್ಲ ಎಂಬ ಕಾರಣಕ್ಕೆ ದೆಹಲಿ ಹೈಕೋರ್ಟ್ ಇಂಥ ಹಲವು ಎಫ್‌ಐಆರ್‌ಗಳನ್ನು ರದ್ದು ಮಾಡಿದೆ. ಆದರೆ ರದ್ದಾಗುವವರೆಗೆ ಕೋರ್ಟು ಸುತ್ತುವುದು ತಪ್ಪುವುದಿಲ್ಲ.

ವಾಣಿ ಅದನ್ನು ಎತ್ತಲಿಲ್ಲ. ಬ್ಯಾಗನ್ನು ಹಾಗೇ ಇಟ್ಟು ಗಂಡನನ್ನು ಕರೆದಳು. ಗುಂಡು ಕೂಡ ಅವಳಿಗೆ ನಿಷಿದ್ಧ ಎಂಬುದು ಅಷ್ಟು ಹೊತ್ತಿಗೆ ಅವಳಿಗೆ ಬಾಯಿಪಾಠವಾಗಿತ್ತು. ಬೆಳಿಗ್ಗೆ ಗಿರೀಶ ಅದನ್ನು ಅದೇ ವ್ಯಾಪಾರಿಗೆ ಒಪ್ಪಿಸಿ, ಬೇರೆ ಬ್ಯಾಗ್ ತೆಗೆದುಕೊಂಡು ಮಧ್ಯಾಹ್ನದ ವಿಮಾನ ಹತ್ತಿದ. ಆಮೇಲೆ ಕಾರಿನ ಸೀಟಿನ ಕೆಳಗೆ, ಜಾಕೆಟ್ ಜೇಬು, ಗ್ಯಾರೇಜಿನ ಡಬ್ಬಿಗಳು ಎಲ್ಲವನ್ನೂ ಅವನೇ ಹುಡುಕಿದ. ಇನ್ನೇನೂ ಸಿಗಲಿಲ್ಲ.

ಏನಾಯಿತು, ಏನು ಉಳಿಯಿತು

ಹೊಸ ಕಂಪನಿಯ ಅರ್ಜಿ 60 ದಿನದೊಳಗೇ ಹೋಯಿತು. ಕುಟುಂಬ ನ್ಯೂಜೆರ್ಸಿಗೆ ಬಂತು. ಕೇಸು ಆಗಲಿಲ್ಲ, ಪೊಲೀಸರು ಬಾಗಿಲು ತಟ್ಟಲಿಲ್ಲ. ಕಳ್ಳರ ಭಯಕ್ಕೆ ಈಗ ಬಾಗಿಲಿಗೆ ಕ್ಯಾಮೆರಾ ಇದೆ, ಒಡವೆ ಬ್ಯಾಂಕಿನ ಲಾಕರಿನಲ್ಲಿದೆ. ಮೊದಲೇ ಹಾಗೆ ಮಾಡಬಹುದಿತ್ತು ಎಂದು ವಾಣಿ ಹೇಳುತ್ತಾಳೆ, ಗಿರೀಶ ಒಪ್ಪುತ್ತಾನೆ.

ಈ ಪ್ರಕರಣವನ್ನು ನಾನು ಬೇರೆಯವರಿಗೆ ಹೇಳುವಾಗ ಬಂದೂಕು ಬೇಕೋ ಬೇಡವೋ ಎಂಬ ಚರ್ಚೆಗೆ ಹೋಗುವುದಿಲ್ಲ. ಯಾರಾದರೂ ಕೊಳ್ಳುತ್ತೇನೆ ಎಂದರೆ ಮೊದಲು ಐ-94 ತಾರೀಖು ಕೇಳುತ್ತೇನೆ, ಆಮೇಲೆ ಬೇಟೆ ಲೈಸೆನ್ಸಿನ ತಾರೀಖು. ಮನೆಯಲ್ಲಿ ಇನ್ಯಾರ ಹತ್ತಿರ ಯಾವ ವೀಸಾ ಇದೆ, ಸೇಫಿನ ಅಂಕಿ ಯಾರಿಗೆ ಗೊತ್ತು ಎಂದು ಕೇಳುತ್ತೇನೆ. ಮುಂದಿನ ಒಂದು ವರ್ಷದಲ್ಲಿ ಕೆಲಸವೋ ರಾಜ್ಯವೋ ಬದಲಾಗುವ ಸಂಭವ ಇದೆಯಾ ಎಂದು ಕೇಳುತ್ತೇನೆ. ಕೊಳ್ಳುವ ದಿನ ಎಲ್ಲರೂ ಎಚ್ಚರದಿಂದಲೇ ಇರುತ್ತಾರೆ. ಅಂಗಡಿ ಇದೆ, ಫಾರ್ಮ್ ಇದೆ, ಎಫ್‌ಬಿಐ ತಪಾಸಣೆ ಇದೆ. ಆಮೇಲಿನ ದಿನಗಳಲ್ಲಿ ಯಾರೂ ಬಂದು ನೆನಪಿಸುವುದಿಲ್ಲ. ಲೈಸೆನ್ಸ್ ಮುಗಿಯಿತು ಎಂದು ಗಿರೀಶನಿಗೆ ಒಂದು ಮೆಸೇಜೂ ಬಂದಿರಲಿಲ್ಲ. ಕೆಲಸ ಹೋದಾಗ ಕೊಟ್ಟ ಕಾಗದಗಳಲ್ಲಿ ವಿಮೆ, ಪಿಎಫ್‌ನಂಥ ನಿವೃತ್ತಿ ಖಾತೆ, ಲ್ಯಾಪ್‌ಟಾಪ್ ವಾಪಸಾತಿ ಎಲ್ಲದರ ಬಗ್ಗೆಯೂ ಇತ್ತು. ಇದರ ಬಗ್ಗೆ ಇರಲು ಸಾಧ್ಯವೂ ಇಲ್ಲ.

ಒಂದು ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಗಿರೀಶನ ಗ್ರೀನ್ ಕಾರ್ಡ್ ಪ್ರಕ್ರಿಯೆ ಹೊಸ ಕಂಪನಿಯಲ್ಲಿ ಶುರುವಾಗಿದೆ. ಭಾರತದಲ್ಲಿ ಹುಟ್ಟಿದವರ ಸಾಲು ಉದ್ದ. ಸರದಿ ಬಂದ ದಿನ ಗ್ರೀನ್ ಕಾರ್ಡ್ ಅರ್ಜಿಯಾದ ಐ-485 ಫಾರ್ಮ್ ತುಂಬಬೇಕು. ಬಂಧನವಾಗದಿದ್ದರೂ, ಕೇಸಾಗದಿದ್ದರೂ ಸರಿಯೇ, ನೀವು ಎಂದಾದರೂ ಅಪರಾಧ ಮಾಡಿದ್ದೀರಾ ಎಂಬ ಪ್ರಶ್ನೆ ಅದರಲ್ಲಿದೆ. ಸೆಪ್ಟೆಂಬರ್ 1ರಿಂದ ಅಕ್ಟೋಬರಿನ ಆ ಸಂಜೆಯವರೆಗಿನ ದಿನಗಳಿಗೆ, ಶಾಲೆಯ ಮುಂದೆ ನಿಂತ ಕಾರಿಗೆ, ಅಲ್ಲಿ ಏನು ಉತ್ತರ ಬರೆಯಬೇಕು? ಕ್ರಿಮಿನಲ್ ವಕೀಲರೂ ವೀಸಾ ವಕೀಲರೂ ಒಟ್ಟಿಗೆ ಕೂತು ಹೇಳಬೇಕಾದ ಉತ್ತರ ಅದು. ಆ ದಿನಕ್ಕೆಂದು ಎರಡು ಬೇಟೆ ಲೈಸೆನ್ಸು, ಮಾರಾಟದ ರಸೀದಿ, ತಾರೀಖುಗಳ ಹಾಳೆ ಎಲ್ಲವನ್ನೂ ವಾಣಿ ಒಂದು ಫೈಲಿನಲ್ಲಿ ಹಾಕಿಟ್ಟಿದ್ದಾಳೆ.